ಹಳೇ ಡಿಸೈನಿನ ಹೆವಿ ಡ್ಯೂಟಿ ಪಿಕಪ್: ಕೆಲಸಕ್ಕೆ ತಗೊಳ್ಳಬಹುದಾ?

ಮಣ್ಣುಕೆಲಸ:
ಎಲ್ಲರಿಗೂ ನಮಸ್ಕಾರ. ಕೆಲಸಕ್ಕೆ ಒಂದು ದೊಡ್ಡ ಪಿಕಪ್ ನೋಡುತ್ತಿದ್ದೇನೆ. ಕಣ್ಣಿಗೆ ಬಿದ್ದಿರುವುದು 2015ರ ಷೆವ್ರೊಲೆ ಸಿಲ್ವರಾಡೊ 2500ಎಚ್‌ಡಿ. 6.0 ಲೀಟರ್ ಪೆಟ್ರೋಲ್ ವಿ8, ಆರು ಗೇರಿನ ಆಟೋಮ್ಯಾಟಿಕ್, ನಾಲ್ಕು ಬಾಗಿಲು, ಫೋರ್ ವೀಲ್ ಡ್ರೈವ್. ಓಡಿರುವುದು 1,90,000 ಕಿ.ಮೀ.

ನಮ್ಮ ಕೆಲಸ ಹೀಗೆ: ಗಾಡಿಯಲ್ಲಿ ನಾಲ್ಕು ಜನ, ಹಿಂದೆ ಸಾಮಾನಿನ ಪೆಟ್ಟಿಗೆ, ಟ್ರೇಲರ್ ಮೇಲೆ ಮೂರೂವರೆ ಟನ್ನಿನ ಮಿನಿ ಎಕ್ಸ್‌ಕವೇಟರ್. ಸೈಟುಗಳೆಲ್ಲ ಹತ್ತಿರದಲ್ಲೇ. ದಿನಕ್ಕೆ ಜಾಸ್ತಿ ದೂರ ಓಡುವುದಿಲ್ಲ. ಆದರೆ ಸೈಟಿನಲ್ಲಿ ಎಂಜಿನ್ ಆನ್ ಇಟ್ಟುಕೊಂಡು ನಿಲ್ಲುವುದು ಜಾಸ್ತಿ.

ಈ ಎಂಜಿನ್ ತುಂಬಾ ಹಳೇ ಡಿಸೈನು, ಈಗ ಇದನ್ನು ಯಾರು ತಗೊಳ್ತಾರೆ ಅಂತ ಜೊತೆಯವರು ನಗುತ್ತಿದ್ದಾರೆ. ಡೀಸೆಲ್ಲೇ ತಗೋ ಅನ್ನುವವರೂ ಇದ್ದಾರೆ. ನಿಮ್ಮ ಅಭಿಪ್ರಾಯ?

ಡೀಸೆಲ್ ಭಕ್ತ:
ಮೂರೂವರೆ ಟನ್ ಮೆಷಿನ್ ಎಳೆಯೋಕೆ ಪೆಟ್ರೋಲಾ? ಸುಮ್ನೆ ದುಡ್ಡು ಸುಡಬೇಡಿ. ಆ 6.0 ಎಂಜಿನ್ನಿನ ಟಾರ್ಕ್, ಅಂದರೆ ತಿರುಗಿಸುವ ಬಲ, 515 ನ್ಯೂಟನ್ ಮೀಟರ್ ಅಷ್ಟೇ, ಅದೂ 4,200 ಆರ್‌ಪಿಎಂಗೆ. ಏರು ಬಂದರೆ ಗೇರ್ ಇಳಿಸಿಕೊಂಡು ಅರಚುತ್ತದೆ. ಅದೇ ಗಾಡಿಯ 6.6 ಡ್ಯೂರಾಮ್ಯಾಕ್ಸ್ ಡೀಸೆಲ್‌ಗೆ 1,000 ದಾಟುತ್ತದೆ, ಜೊತೆಗೆ ಆಲಿಸನ್ ಗೇರ್‌ಬಾಕ್ಸ್. ಹೋಲಿಕೆಯೇ ಇಲ್ಲ.

ಸ್ಪ್ಯಾನರ್ ಸೆಟ್:
ನಾನು ಈ ಗಾಡಿಗಳ ರಿಪೇರಿ ಮಾಡಿಕೊಂಡೇ ಬಂದವನು. ಭಕ್ತರು ಹೇಳಿದ ಟಾರ್ಕ್ ಲೆಕ್ಕ ಸರಿ ಇದೆ. ಆದರೆ ಮೊದಲ ಪೋಸ್ಟನ್ನು ಇನ್ನೊಂದು ಸಲ ಓದಿ. ಹತ್ತಿರದ ಓಡಾಟ, ಜಾಸ್ತಿ ಐಡ್ಲಿಂಗ್, ಅಂದರೆ ನಿಂತಲ್ಲೇ ಎಂಜಿನ್ ಓಡುವುದು. ಈ ಎರಡೂ ಇದ್ದ ಕಡೆ 2007ರ ನಂತರದ ಡೀಸೆಲ್ ಪಿಕಪ್ ಕೊಡಬಾರದು. ಇದು ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂದರೆ ಡಿಪಿಎಫ್. ಹೊಗೆಯಲ್ಲಿರುವ ಮಸಿಯನ್ನು ಹಿಡಿದಿಟ್ಟುಕೊಳ್ಳುವ ಫಿಲ್ಟರ್ ಅದು. ತುಂಬಿದಾಗ ಆ ಮಸಿಯನ್ನು ತಾನೇ ಸುಟ್ಟು ಖಾಲಿ ಮಾಡಿಕೊಳ್ಳಬೇಕು. ಅದಕ್ಕೆ ಎಕ್ಸಾಸ್ಟ್ ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿ ಆಗಬೇಕು, ಸ್ವಲ್ಪ ಹೊತ್ತು ಹಾಗೇ ಇರಬೇಕು. ಹೆದ್ದಾರಿಯಲ್ಲಿ ಲೋಡ್ ಹಾಕಿ ಓಡುವ ಗಾಡಿಗೆ ಇದು ತಾನಾಗಿ ಆಗುತ್ತದೆ. ಸೈಟಿನಲ್ಲಿ ಗುರುಗುಟ್ಟಿಕೊಂಡು ನಿಂತ ಗಾಡಿಗೆ ಆಗುವುದಿಲ್ಲ. ಸುಡುವ ಕೆಲಸ ಶುರುವಾಗುತ್ತದೆ, ನೀವು ಕೀ ತೆಗೆಯುತ್ತೀರಿ, ಅರ್ಧಕ್ಕೇ ನಿಲ್ಲುತ್ತದೆ. ಮಸಿ ಸುಡಲೆಂದು ಕೆಲವು ಎಂಜಿನ್ನುಗಳಲ್ಲಿ ಸಿಲಿಂಡರಿಗೇ ಹೆಚ್ಚುವರಿ ಡೀಸೆಲ್ ಬಿಡುತ್ತಾರೆ. ಅದು ಗೋಡೆಗಿಳಿದು ಆಯಿಲ್‌ಗೆ ಸೇರಿ ಆಯಿಲ್ ತೆಳುವಾಗುತ್ತದೆ. ಇದರ ಮೇಲೆ ಹೊಗೆಯನ್ನು ಮತ್ತೆ ಎಂಜಿನ್ನಿಗೆ ತಿರುಗಿಸುವ ಇಜಿಆರ್, ಹೊಗೆ ಶುದ್ಧ ಮಾಡುವ ಯೂರಿಯಾ ದ್ರವದ ಪಂಪು, ನೈಟ್ರೋಜನ್ ಆಕ್ಸೈಡ್ ಅಳೆಯುವ ಎನ್‌ಒಎಕ್ಸ್ ಸೆನ್ಸರ್. ಒಂದೊಂದೂ ಗಾಡಿ ನಿಲ್ಲಿಸುವ ಸಾಮಾನು.

ಇನ್ನು ಆ 6.0 ಪೆಟ್ರೋಲ್. ಕಬ್ಬಿಣದ ಬ್ಲಾಕು, ವಾಲ್ವ್ ತೆರೆಯುವ ಕ್ಯಾಮ್ ಶಾಫ್ಟು ಬ್ಲಾಕಿನ ಒಳಗೆ, ಅದರಿಂದ ವಾಲ್ವಿಗೆ ತಳ್ಳುವ ಕಡ್ಡಿ ಅಂದರೆ ಪುಶ್‌ರಾಡ್, ಸಿಲಿಂಡರಿಗೆ ಎರಡೇ ವಾಲ್ವ್. ಪೆಟ್ರೋಲ್ ಸಿಂಪಡಿಸುವುದು ವಾಲ್ವಿನ ಹಿಂದೆ, ಪೋರ್ಟಿನಲ್ಲಿ. ಹಾಗಾಗಿ ಡೈರೆಕ್ಟ್ ಇಂಜೆಕ್ಷನ್ ಎಂಜಿನ್ನುಗಳ ಹಾಗೆ ಇನ್‌ಟೇಕ್ ವಾಲ್ವ್ ಮೇಲೆ ಕಾರ್ಬನ್ ಕಟ್ಟಿಕೊಳ್ಳುವ ತೊಂದರೆ ಇಲ್ಲ. ಟರ್ಬೊ ಇಲ್ಲ. ಅದೇ ಕಂಪನಿಯ ಸಣ್ಣ 1500 ಗಾಡಿಗಳಲ್ಲಿ ಪೆಟ್ರೋಲ್ ಉಳಿಸೋಕೆ ಅರ್ಧ ಸಿಲಿಂಡರ್ ನಿಲ್ಲಿಸುವ ವ್ಯವಸ್ಥೆ ಇದೆ. ಅದರ ವಾಲ್ವ್ ಎತ್ತುವ ಲಿಫ್ಟರ್‌ಗಳು ಕೆಡುವುದು ಎಲ್ಲರಿಗೂ ಗೊತ್ತಿರುವ ಸಂಗತಿ. ಎಲ್96 ಅನ್ನುವ ಈ 6.0 ಎಂಜಿನ್ನಿನಲ್ಲಿ ಆ ವ್ಯವಸ್ಥೆಯೇ ಇಲ್ಲ. ಜೊತೆಯವರು ನಗುವ ಹಳೇತನ ಇದೇ ಆದರೆ, ಕೆಲಸದ ಗಾಡಿಗೆ ನನಗೆ ಬೇಕಾಗಿರುವುದೂ ಇದೇ.

ಡೀಸೆಲ್ ಭಕ್ತ:
ಸರಿ, ಡಿಪಿಎಫ್ ಬೇಡ ಅಂದರೆ ಅದಕ್ಕೂ ಹಿಂದಿನದು ತಗೊಳ್ಳಿ. ಡಾಡ್ಜ್ ರ‍್ಯಾಮ್, 5.9 ಕಮಿನ್ಸ್. 1989ರಲ್ಲಿ ಡಾಡ್ಜ್ ಪಿಕಪ್ಪಿಗೆ ಬಂದ ಎಂಜಿನು. ಇನ್‌ಲೈನ್ ಆರು ಸಿಲಿಂಡರ್. 1994ರಿಂದ 98ರವರೆಗಿನ 12 ವಾಲ್ವಿನ ಗಾಡಿಗೆ ಪಿ7100 ಮೆಕ್ಯಾನಿಕಲ್ ಪಂಪ್. ಕಂಪ್ಯೂಟರ್ ಕೆಟ್ಟರೆ ಗಾಡಿ ನಿಲ್ಲುತ್ತದೆ ಅನ್ನುವ ಮಾತೇ ಇಲ್ಲ.

ಸ್ಪ್ಯಾನರ್ ಸೆಟ್:
ಎಂಜಿನ್ ಬಗ್ಗೆ ನನಗೂ ಗೌರವ ಇದೆ ಗುರುಗಳೇ. ಆದರೆ ಎಂಜಿನ್ ಒಂದೇ ಕೆಲಸಕ್ಕೆ ಹೋಗುವುದಿಲ್ಲ, ಅದರ ಸುತ್ತ ಇರುವ ಗಾಡಿಯೂ ಹೋಗಬೇಕು ಅಲ್ವಾ? ಆ ವಯಸ್ಸಿನ ಗಾಡಿಯಲ್ಲಿ ಕ್ಯಾಬಿನ ಮೂಲೆ, ಚಾಸಿ, ಮುಂದಿನ ಸ್ಟೇರಿಂಗ್ ಲಿಂಕು, ಆಟೋಮ್ಯಾಟಿಕ್ ಗೇರ್‌ಬಾಕ್ಸು ಎಲ್ಲ ಮುಗಿದಿರುತ್ತವೆ. ಆ 12 ವಾಲ್ವಿನಲ್ಲಿ ಮುಂದಿನ ಟೈಮಿಂಗ್ ಕೇಸಿನ ಒಳಗೆ ಒಂದು ಡೋವೆಲ್ ಪಿನ್ ಇದೆ. ಸಡಿಲವಾಗಿ ಆಚೆ ಬಂದು ಟೈಮಿಂಗ್ ಗೇರಿಗೆ ಬಿದ್ದರೆ ಎಂಜಿನ್ ಕಥೆ ಮುಗಿಯಿತು. ತಗೊಳ್ಳುವವರು ಅದಕ್ಕೆ ತಡೆ ಪಟ್ಟಿ ಹಾಕಿಸಿದ್ದಾರಾ ಅಂತ ಮೊದಲು ಕೇಳಬೇಕು. 1998ರ ಮಧ್ಯದಿಂದ 2002ರವರೆಗಿನ 24 ವಾಲ್ವಿನಲ್ಲಿ ವಿಪಿ44 ಇಂಜೆಕ್ಷನ್ ಪಂಪ್. ಟ್ಯಾಂಕಿನಿಂದ ಡೀಸೆಲ್ ತರುವ ಸಣ್ಣ ಲಿಫ್ಟ್ ಪಂಪ್ ಸೋತರೆ ಅದೂ ಹೋಗುತ್ತದೆ. 2003ರಿಂದ ಕಾಮನ್ ರೈಲ್, ಅಂದರೆ ಕಂಪ್ಯೂಟರ್ ನಡೆಸುವ ಇಂಜೆಕ್ಷನ್. ಹವ್ಯಾಸಕ್ಕೆ ಇಟ್ಟುಕೊಳ್ಳೋಕೆ ಚೆಂದ. ಬೆಳಿಗ್ಗೆ ನಾಲ್ಕು ಜನರನ್ನು ಸೈಟಿಗೆ ತಲುಪಿಸಲೇಬೇಕಾದ ಗಾಡಿ ಅದಲ್ಲ.

ತೂಕದ ಕಾಟಾ:
ಎಂಜಿನ್ ಜಗಳ ಆಮೇಲೆ ಮುಂದುವರಿಸಿ. ಮೊದಲು ತೂಕ ನೋಡೋಣ. ಮಣ್ಣುಕೆಲಸ ಅವರೇ, ಡ್ರೈವರ್ ಬಾಗಿಲು ತೆಗೆದರೆ ಕಂಬದ ಮೇಲೆ ಹಳದಿ ಬಿಳಿ ಸ್ಟಿಕ್ಕರ್ ಇರುತ್ತದೆ. ಜನ ಮತ್ತು ಸಾಮಾನು ಸೇರಿ ಎಷ್ಟು ಕೆ.ಜಿ. ಮೀರಬಾರದು ಅಂತ ಬರೆದಿರುತ್ತದೆ. ಜಾಹೀರಾತಿನ ಸಂಖ್ಯೆ ಬಿಟ್ಟುಬಿಡಿ. ಅದು ಯಾವುದೋ ಖಾಲಿ ಸಿಂಗಲ್ ಕ್ಯಾಬಿನದು. ಈ ಸ್ಟಿಕ್ಕರ್ ಮಾತ್ರ ಆ ಒಂದು ಗಾಡಿಯದು.

ಉದಾಹರಣೆಗೆ ಸ್ಟಿಕ್ಕರ್ 1,450 ಕೆ.ಜಿ. ಅಂತ ಇದೆ ಅಂದುಕೊಳ್ಳೋಣ. ನಾಲ್ಕು ಜನ, ತಲಾ 85, ಒಟ್ಟು 340. ಪೆಟ್ಟಿಗೆ, ಸಾಮಾನು 250. ಉಳಿದದ್ದು 860. ಮೂರೂವರೆ ಟನ್ ಮೆಷಿನ್ನಿಗೆ ಟ್ರೇಲರ್ 1,100 ಸೇರಿಸಿದರೆ 4,600. ಬಾಲ್ ಹಿಚ್ಚಿನ ಟ್ರೇಲರ್ ಆದರೆ ಅದರ 10ರಿಂದ 15 ಶೇಕಡಾ ಭಾರ ಗಾಡಿಯ ಹಿಂಭಾಗದ ಮೇಲೆ ಕೂರುತ್ತದೆ, ಅಂದರೆ 460ರಿಂದ 690. ಸರಿಯಾಗಿ ಕಟ್ಟಿದರೂ 600 ಅಂತಲೇ ಹಿಡಿಯಿರಿ. ಕೈಯಲ್ಲಿ ಉಳಿಯುವುದು 260. ಎರಡು ಬಕೆಟ್, ಒಂದು ಕಾಂಪ್ಯಾಕ್ಟರ್ ಹಾಕಿದಿರಿ ಅಂದರೆ ಮುಗಿಯಿತು.

ಎಳೆಯುವ ಶಕ್ತಿ ಇದೆ ಅನ್ನುವುದನ್ನೇ ಎಲ್ಲರೂ ನೋಡುತ್ತಾರೆ. ಮೊದಲು ಮುಗಿಯುವುದು ಯಾವಾಗಲೂ ಈ ಹೊರುವ ಲೆಕ್ಕ. ಇಲ್ಲೇ ಡೀಸೆಲ್ ಸೋಲುತ್ತದೆ. ಡೀಸೆಲ್ ಎಂಜಿನ್ ಮತ್ತು ಅದರ ಗೇರ್‌ಬಾಕ್ಸ್ ಸೇರಿ ಪೆಟ್ರೋಲಿಗಿಂತ ಸುಮಾರು 300 ಕೆ.ಜಿ. ಜಾಸ್ತಿ. 2500 ದರ್ಜೆಯ ಗಾಡಿಗಳ ಒಟ್ಟು ತೂಕವನ್ನು ಸಾಮಾನ್ಯವಾಗಿ 10,000 ಪೌಂಡ್, ಅಂದರೆ 4,536 ಕೆ.ಜಿ. ದಾಟದಂತೆ ಇಟ್ಟಿರುತ್ತಾರೆ. ಎಂಜಿನ್ ತಾನೇ ಆ ಜಾಗ ತಿಂದರೆ ನಿಮ್ಮ ಸಾಮಾನಿಗೆ ಉಳಿಯುವುದೆಷ್ಟು? ಡೀಸೆಲ್ಲೇ ಬೇಕು ಅಂದರೆ ಇನ್ನೂ ಹೆಚ್ಚು ಹೊರುವ 3500 ದರ್ಜೆಗೆ ಹೋಗಬೇಕು.

ಡೀಸೆಲ್ ಭಕ್ತ:
ಈ 300 ಕೆ.ಜಿ. ಮಾತು ಒಪ್ಪುತ್ತೇನೆ. ಆದರೆ ಏರಿನಲ್ಲಿ ಎಳೆದವರಿಗೇ ಗೊತ್ತು.

ತೂಕದ ಕಾಟಾ:
ಏರಿಗೆ ಉತ್ತರ ಹಿಂದಿನ ಆಕ್ಸಲ್ಲಿನ ಅನುಪಾತದಲ್ಲಿದೆ, ಅಂದರೆ ಚಕ್ರ ಒಂದು ಸುತ್ತು ತಿರುಗೋಕೆ ಗೇರ್‌ಬಾಕ್ಸಿನಿಂದ ಬರುವ ಶಾಫ್ಟ್ ಎಷ್ಟು ಸುತ್ತು ತಿರುಗಬೇಕು ಅನ್ನುವ ಲೆಕ್ಕದಲ್ಲಿ. ಈ 6.0 ಗಾಡಿ 3.73 ಮತ್ತು 4.10, ಎರಡರಲ್ಲೂ ಬಂದಿದೆ. 4.10 ಇದ್ದರೆ ಎಳೆಯುವ ಮಿತಿ ಒಂದು ಟನ್ನಿಗೂ ಮೀರಿ ಜಾಸ್ತಿ. 3.73 ಆದರೆ ನಿಮ್ಮ 4,600 ಕೆ.ಜಿ. ತೀರಾ ಅಂಚಿಗೆ ಬರುತ್ತದೆ. ಎಂಜಿನ್ ಅದೇ, ಚಾಸಿ ಅದೇ. ಆದರೂ ಒಂದು ಗಾಡಿ ನಿಮ್ಮ ಕೆಲಸಕ್ಕೆ ಸರಿ, ಇನ್ನೊಂದು ಅಲ್ಲ.

ನೋಡುವುದು ಸುಲಭ. ಗ್ಲೋವ್ ಬಾಕ್ಸಿನ ಒಳಗೆ ಮೂರು ಅಕ್ಷರ ಅಂಕೆಗಳ ಕೋಡುಗಳು ತುಂಬಿದ ಬಿಳಿ ಸ್ಟಿಕ್ಕರ್ ಇರುತ್ತದೆ. ಜಿಟಿ4 ಅಂದರೆ 3.73, ಜಿಟಿ5 ಅಂದರೆ 4.10. ಜಿ80 ಇದ್ದರೆ ಹಿಂದಿನ ಡಿಫರೆನ್ಷಿಯಲ್ ಲಾಕ್ ಆಗುವಂಥದ್ದು, ಕೆಸರಿನ ಸೈಟಿಗೆ ಅದೂ ಇರಲಿ. ಹಿಚ್ ಮೇಲೂ ಒಂದು ಸ್ಟಿಕ್ಕರ್ ಇದೆ, ಅದರ ಮಿತಿ ಬೇರೆ. ಇಷ್ಟರಲ್ಲಿ ಯಾವುದು ಕಡಿಮೆಯೋ ಅದೇ ನಿಮ್ಮ ಮಿತಿ.

ಹೊಸ ಮಾಡೆಲ್:
ಎಲ್ಲರೂ ಹಳೇದನ್ನೇ ಹೊಗಳುತ್ತಿದ್ದೀರಿ, ನಾನು ಆಚೆ ಕಡೆ ಮಾತಾಡುತ್ತೇನೆ. ಹಳೇ ಗಾಡಿ ಸರಳ ಅನ್ನುವುದು ಸರಿ. ಆದರೆ ಅದರ ಒಳಗೆ ಕೂರುವುದು ನಾಲ್ಕು ಜನ. ನನ್ನ ಗಾಡಿ ತಾನೇ ಬ್ರೇಕ್ ಹಾಕುತ್ತದೆ, ಪಕ್ಕದ ಕುರುಡು ಜಾಗ ತೋರಿಸುತ್ತದೆ, ಟ್ರೇಲರ್ ಹಿಂದೆ ಏನಿದೆ ಅಂತ ಕ್ಯಾಮೆರಾದಲ್ಲಿ ಕಾಣಿಸುತ್ತದೆ. ದಣಿದ ಸಂಜೆ ಇದರ ಬೆಲೆ ಗೊತ್ತಾಗುತ್ತದೆ. ಜೊತೆಗೆ ವಾರಂಟಿ. ಗಾಡಿ ಕೆಟ್ಟ ದಿನ ನಾಲ್ಕು ಜನರ ಕೂಲಿ ಮತ್ತು ಮೆಷಿನ್ ಬಾಡಿಗೆ ಎರಡೂ ಹೋಗುತ್ತದೆ. ಆ ನಷ್ಟವನ್ನು ಯಾರೂ ಲೆಕ್ಕಕ್ಕೆ ತಗೊಳ್ಳುವುದೇ ಇಲ್ಲ.

ಇನ್ನೊಂದು, ಪೆಟ್ರೋಲ್. ಆ 6.0 ಖಾಲಿ ಓಡಿದರೆ ಲೀಟರಿಗೆ ಐದು ಚಿಲ್ಲರೆ ಕಿ.ಮೀ. ಟ್ರೇಲರ್ ಕಟ್ಟಿದರೆ ಮೂರು, ಮೂರೂವರೆ. ಕುಡಿಯುತ್ತದೆ.

ಸ್ಪ್ಯಾನರ್ ಸೆಟ್:
ಸುರಕ್ಷತೆಯ ಮಾತು ಪೂರ್ತಿ ಒಪ್ಪುತ್ತೇನೆ. ಹಳೇ ಡಿಸೈನಿನ ನಿಜವಾದ ಕೊರತೆ ಅದೇ, ಎಂಜಿನ್ ಅಲ್ಲ. ಅದಕ್ಕೇ ಎಷ್ಟು ಹಳೇದು ಅನ್ನುವುದಕ್ಕೆ ಒಂದು ಗೆರೆ ಹಾಕಿಕೊಳ್ಳಬೇಕು. ನನ್ನ ಗೆರೆ 2012. ಅಮೆರಿಕದಲ್ಲಿ 4,536 ಕೆ.ಜಿ.ವರೆಗಿನ ವಾಹನಗಳಿಗೆಲ್ಲ ಆ ಮಾಡೆಲ್ ವರ್ಷದಿಂದ ಗಾಡಿ ಜಾರದಂತೆ ತಾನೇ ಹಿಡಿಯುವ ಸ್ಟೆಬಿಲಿಟಿ ಕಂಟ್ರೋಲ್ ಕಡ್ಡಾಯವಾಯಿತು. ಒದ್ದೆ ರಸ್ತೆಯ ತಿರುವಿನಲ್ಲಿ ಖಾಲಿ ಪಿಕಪ್ಪಿನ ಹಿಂಭಾಗ ಜಾರುವುದು ನೋಡಿದವರಿಗೆ ಇದರ ಬೆಲೆ ಗೊತ್ತು. ಹಿಂದೆ ಭಾರ ಇಲ್ಲದಿದ್ದಾಗ ಇಷ್ಟು ಗಟ್ಟಿ ಸ್ಪ್ರಿಂಗಿನ ಗಾಡಿ ನೆಲ ಸರಿಯಾಗಿ ಹಿಡಿಯುವುದಿಲ್ಲ. 2015ರ ಗಾಡಿ ಆ ಗೆರೆಯ ಈಚೆಗಿದೆ. ರಿವರ್ಸ್ ಕ್ಯಾಮೆರಾ ಇಲ್ಲದಿದ್ದರೆ ಹಾಕಿಸಬಹುದು. ತಾನೇ ಬ್ರೇಕ್ ಹಾಕುವುದನ್ನು ಆಮೇಲೆ ಹಾಕಿಸೋಕೆ ಆಗುವುದಿಲ್ಲ, ಅದು ನಿಜ.

ಆದರೆ ಹೊಸದೆಲ್ಲ ಹೊಸ ಡಿಸೈನ್ ಅಂತ ತಿಳಿಯಬೇಡಿ. ಫೋರ್ಡ್ 2020ರಲ್ಲಿ ಸೂಪರ್ ಡ್ಯೂಟಿಗೆ ಅಂತ ಹೊಚ್ಚ ಹೊಸದಾಗಿ ಮಾಡಿದ 7.3 ಪೆಟ್ರೋಲ್ ಎಂಜಿನ್ ನೋಡಿ. ಕಬ್ಬಿಣದ ಬ್ಲಾಕು, ಪುಶ್‌ರಾಡ್, ಪೋರ್ಟ್ ಇಂಜೆಕ್ಷನ್. ಅದಕ್ಕೂ ಮೊದಲು ಅವರ 6.2ರಲ್ಲಿ ಕ್ಯಾಮ್ ಮೇಲಿತ್ತು. ಅಂದರೆ ಕ್ಯಾಮನ್ನು ಮತ್ತೆ ಬ್ಲಾಕಿನ ಒಳಗೆ ಇಳಿಸಿದರು. ಭಾರ ಎಳೆಯುವ ಎಂಜಿನ್ನಿಗೆ ಆ ವಿನ್ಯಾಸ ಸಾಕು ಅಂತ ಎಂಜಿನಿಯರುಗಳೇ ಲೆಕ್ಕ ಹಾಕಿ ಮಾಡಿದ್ದು. ಇದನ್ನು ನಗುವ ಜೊತೆಯವರಿಗೆ ಹೇಳಿ.

ಪೆಟ್ರೋಲ್ ಕುಡಿಯುವುದರ ಬಗ್ಗೆ ವಾದವೇ ಇಲ್ಲ. ದಿನಾ ದೂರ ಓಡುವವರಿಗೆ ನಾನೇ ಈ ಗಾಡಿ ಬೇಡ ಅನ್ನುತ್ತೇನೆ. ಇವರ ಓಡಾಟ ಕಡಿಮೆ.

ಕಚ್ಚಾರಸ್ತೆ:
ಸ್ವಲ್ಪ ಆಚೆಯ ಮಾತು. ಹಳೇ ಡಿಸೈನ್ ಅಂದರೆ ನನಗೆ ನೆನಪಾಗುವುದು ಟೊಯೋಟಾ ಲ್ಯಾಂಡ್ ಕ್ರೂಸರ್ 79. 70 ಸರಣಿ 1984ರಲ್ಲಿ ಶುರುವಾದದ್ದು, ಈಗಲೂ ಹೊಸದಾಗಿ ಸಿಗುತ್ತದೆ. ಗಣಿಗಳಲ್ಲಿ, ಮರುಭೂಮಿಯಲ್ಲಿ ಅದರದ್ದೇ ರಾಜ್ಯ. ಜನ ಅದರ 4.5 ವಿ8 ಡೀಸೆಲ್‌ಗೆ ಜೀವ ಬಿಡುತ್ತಾರೆ. ಆಮೇಲೆ ಬಂದ 2.8 ಲೀಟರಿನ ನಾಲ್ಕು ಸಿಲಿಂಡರ್ ಎಂಜಿನ್ ಕಂಡರೆ ಮೂಗು ಮುರಿಯುತ್ತಾರೆ. ಲೆಕ್ಕ ನೋಡಿದರೆ ವಿ8ಗೆ 151 ಕಿಲೋವ್ಯಾಟ್, 430 ನ್ಯೂಟನ್ ಮೀಟರ್. 2.8ಕ್ಕೆ 150 ಕಿಲೋವ್ಯಾಟ್, 500 ನ್ಯೂಟನ್ ಮೀಟರ್. ಚಿಕ್ಕದೇ ಜಾಸ್ತಿ ಎಳೆಯುತ್ತದೆ!

ಹಳೇದರ ಮೇಲೆ ಹೊಸದನ್ನು ತುರುಕಿದರೆ ಏನಾಗುತ್ತದೆ ಅನ್ನುವುದಕ್ಕೂ ಅದೇ ಗಾಡಿ ಉದಾಹರಣೆ. ವಿ8 ಕೂರಿಸೋಕೆ ಮುಂದಿನ ಚಕ್ರಗಳ ಅಂತರ ಅಗಲ ಮಾಡಿದರು, ಹಿಂದಿನದನ್ನು ಹಾಗೇ ಬಿಟ್ಟರು. ಸುಮಾರು 95 ಮಿ.ಮೀ. ವ್ಯತ್ಯಾಸ. ಮರಳಿನಲ್ಲಿ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಿನಲ್ಲಿ ಹೋಗುವುದಿಲ್ಲ, ತನ್ನದೇ ಹೊಸ ಜಾಡು ಕೊರೆಯಬೇಕು. ಅಷ್ಟು ಹೆಸರಿರುವ ಗಾಡಿ, ಆದರೂ ಹೀಗೆ.

ಹೊಸ ಮಾಡೆಲ್:
ಇದು ಚೆನ್ನಾಗಿದೆ. ಅಂದಹಾಗೆ ಷೆವ್ರೊಲೆ ಎಚ್‌ಡಿ ಗಾಡಿಗೆ ಮುಂದೆ ಎರಡೂ ಚಕ್ರ ಸೇರಿಸುವ ಸಾಲಿಡ್ ಆಕ್ಸಲ್ ಇಲ್ಲ, ಚಕ್ರಗಳು ಬೇರೆ ಬೇರೆಯಾಗಿ ಏರಿಳಿಯುವ ಇಂಡಿಪೆಂಡೆಂಟ್ ಸಸ್ಪೆನ್ಷನ್. ಹೆವಿ ಡ್ಯೂಟಿಗೆ ಅದು ಸಾಕಾ?

ಸ್ಪ್ಯಾನರ್ ಸೆಟ್:
ಈ ಕೆಲಸಕ್ಕೆ ಸಾಕು. ಫೋರ್ಡ್, ರ‍್ಯಾಮ್ ಫೋರ್ ವೀಲ್ ಡ್ರೈವ್ ಗಾಡಿಗಳಲ್ಲಿ ಸಾಲಿಡ್ ಆಕ್ಸಲ್ ಇದೆ. ಮುಂದೆ ಹಿಮ ತಳ್ಳುವ ದೊಡ್ಡ ಬ್ಲೇಡ್ ಕಟ್ಟುವವರಿಗೆ ಅದೇ ಇಷ್ಟ. ಆದರೆ ಟ್ರ್ಯಾಕ್ ಬಾರ್, ಸ್ಟೇರಿಂಗ್ ಲಿಂಕು ಸವೆದರೆ ಒಂದು ಗುಂಡಿ ಸಿಕ್ಕಿದ ತಕ್ಷಣ ಸ್ಟೇರಿಂಗ್ ಕೈಯಲ್ಲೇ ಕುಣಿಯೋಕೆ ಶುರುವಾಗುತ್ತದೆ. ಷೆವ್ರೊಲೆಯಲ್ಲಿ ಸ್ಪ್ರಿಂಗಿನ ಬದಲು ತಿರುಚುವ ಕಂಬಿ, ಅಂದರೆ ಟಾರ್ಷನ್ ಬಾರ್ ಇರುವ ಇಂಡಿಪೆಂಡೆಂಟ್. ಓಡಿಸೋಕೆ ಹಾಯಾಗಿದೆ. ಬಾಲ್ ಜಾಯಿಂಟು, ಪಿಟ್‌ಮನ್ ಆರ್ಮು, ಐಡ್ಲರ್ ಆರ್ಮು, ಹೀಗೆ ಚಕ್ರ ಮತ್ತು ಸ್ಟೇರಿಂಗಿನ ಕೀಲುಗಳು ಸವೆಯುತ್ತವೆ. ಜ್ಯಾಕ್ ಹಾಕಿ ಚಕ್ರ ಅಲ್ಲಾಡಿಸಿ ನೋಡಿ.

ಹಿಂದಿನ ಆಕ್ಸಲ್ ಮಾತ್ರ ನಿಜವಾದ ಹೆವಿ ಡ್ಯೂಟಿ, ಫುಲ್ ಫ್ಲೋಟಿಂಗ್. ಸಣ್ಣ ಪಿಕಪ್ಪಿನಲ್ಲಿ ಚಕ್ರ ತಿರುಗಿಸುವ ಶಾಫ್ಟೇ ಗಾಡಿಯ ಭಾರವನ್ನೂ ಹೊರುತ್ತದೆ. ಇದರಲ್ಲಿ ಭಾರ ಹೊರುವುದು ಹೌಸಿಂಗ್ ಮೇಲಿರುವ ಹಬ್ಬು, ಬೇರಿಂಗು. ಶಾಫ್ಟಿಗೆ ತಿರುಗಿಸುವುದೊಂದೇ ಕೆಲಸ. ಚಕ್ರ ಬಿಚ್ಚದೆ ಶಾಫ್ಟ್ ಎಳೆದು ತೆಗೆಯಬಹುದು. ತುಂಡಾದರೂ ಚಕ್ರ ಕಳಚಿ ಹೋಗುವುದಿಲ್ಲ.

ಮಣ್ಣುಕೆಲಸ:
ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಸಿಗುತ್ತದೆ ಅಂತ ಅಂದುಕೊಂಡಿರಲಿಲ್ಲ. ನಾಳೆ ಗಾಡಿ ನೋಡೋಕೆ ಹೋಗುತ್ತಿದ್ದೇನೆ. ಕೆಳಗೆ ಮಲಗಿ ಏನೇನು ನೋಡಲಿ?

ಸ್ಪ್ಯಾನರ್ ಸೆಟ್:
ಮೊದಲೇ ಹೇಳಿ, ಗಾಡಿ ಸ್ಟಾರ್ಟ್ ಮಾಡಿ ಇಡಬೇಡಿ, ಎಂಜಿನ್ ತಣ್ಣಗೇ ಇರಲಿ ಅಂತ. ತಣ್ಣಗಿರುವಾಗ ಸ್ಟಾರ್ಟ್ ಮಾಡಿದರೆ ಟಿಕ್ ಟಿಕ್ ಸದ್ದು ಬಂದು, ಬಿಸಿಯಾದ ಮೇಲೆ ನಿಂತರೆ ಎಂಜಿನ್ನಿಂದ ಹೊಗೆ ಹೊರತರುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಬೋಲ್ಟ್ ಮುರಿದಿರುವ ಸಾಧ್ಯತೆ ಜಾಸ್ತಿ. ಈ ಎಂಜಿನ್ನಿನ ಹಳೇ ಕಾಯಿಲೆ ಅದು, ಹೆಚ್ಚಾಗಿ ಹಿಂಬದಿಯ ತುದಿಯ ಬೋಲ್ಟು. ಮ್ಯಾನಿಫೋಲ್ಡ್ ಬಿಸಿಯಾಗಿ ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ, ಸದ್ದು ಮಾಯ. ಭಯಪಡುವ ದೋಷ ಅಲ್ಲ. ಆದರೆ ಸಿಲಿಂಡರ್ ಹೆಡ್ಡಿನೊಳಗೆ ಮುರಿದ ಬೋಲ್ಟ್ ತೆಗೆಯುವುದು ತಾಳ್ಮೆಯ ಕೆಲಸ, ಮಾತುಕತೆಯಲ್ಲಿ ಅದನ್ನು ಹಿಡಿಯಿರಿ.

ಎರಡನೆಯದು, ಮೀಟರಿನಲ್ಲಿ ಎಂಜಿನ್ ಅವರ್ಸ್ ನೋಡಿ. ಕಿಲೋಮೀಟರಿಗಿಂತ ನಾನು ನಂಬುವುದು ಅದನ್ನೇ. 1,90,000 ಕಿ.ಮೀ.ಗೆ ಸುಮಾರು 4,000 ಗಂಟೆ ಇದ್ದರೆ ನಿಂತದ್ದು ಕಡಿಮೆ, ಓಡಿದ್ದೇ ಜಾಸ್ತಿ. 7,000 ದಾಟಿದ್ದರೆ ಅರ್ಧ ಆಯುಷ್ಯ ನಿಂತಲ್ಲೇ ಕಳೆದಿದೆ. ಒಂದು ಗಂಟೆ ಐಡ್ಲಿಂಗ್ ಅಂದರೆ ಎಂಜಿನ್ನಿಗೆ 40ರಿಂದ 50 ಕಿ.ಮೀ. ಓಡಿದಷ್ಟು ಸವೆತ ಅಂತ ಫ್ಲೀಟ್ ನಡೆಸುವವರು ಹಿಡಿಯುತ್ತಾರೆ. ಓಡೋಮೀಟರ್ ಇದನ್ನು ತೋರಿಸುವುದೇ ಇಲ್ಲ. ನೀವು ತಗೊಂಡ ಮೇಲೂ ಆಯಿಲ್ ಬದಲಾವಣೆಯನ್ನು ಗಂಟೆಯ ಲೆಕ್ಕದಲ್ಲೇ ಇಟ್ಟುಕೊಳ್ಳಿ.

ಮೂರನೆಯದು ತುಕ್ಕು. ಇದಕ್ಕೇ ಹೆಚ್ಚು ಹೊತ್ತು ಕೊಡಿ. ಈ ಗಾಡಿಗಳ ಚಾಸಿಗೆ ಮೇಣದಂಥ ಕಪ್ಪು ಲೇಪನ ಇದೆ. ಕಾಲ ಕಳೆದಂತೆ ಅದು ಹಾಳೆ ಹಾಳೆಯಾಗಿ ಏಳುತ್ತದೆ, ಎದ್ದ ಕಡೆ ತುಕ್ಕು ಹಿಡಿಯುತ್ತದೆ. ಮೇಲ್ಮೈಯ ಕೆಂಪು ತುಕ್ಕು ಪರವಾಗಿಲ್ಲ. ಪದರ ಪದರ ಉದುರುತ್ತಿದ್ದರೆ ಸಣ್ಣ ಸುತ್ತಿಗೆಯಿಂದ ತಟ್ಟಿ. ಗಟ್ಟಿ ಲೋಹ ಟಣ್ ಅನ್ನುತ್ತದೆ, ಕೊಳೆತದ್ದು ದಪ್ ಅನ್ನುತ್ತದೆ. ಲೀಫ್ ಸ್ಪ್ರಿಂಗ್ ಚಾಸಿಗೆ ಸೇರುವ ಜಾಗ, ಇಂಧನ ಟ್ಯಾಂಕಿನ ಮೇಲ್ಭಾಗ, ಕ್ರಾಸ್ ಮೆಂಬರ್ ತುದಿಗಳು, ಈ ಮೂರೂ ನೋಡಿ. ಬ್ರೇಕ್ ಪೈಪುಗಳ ಉದ್ದಕ್ಕೂ ಟಾರ್ಚ್ ಹಿಡಿಯಿರಿ. ಹೊಸದಾಗಿ ಕಪ್ಪು ಬಣ್ಣ ಹೊಡೆದ ಚಾಸಿ ಕಂಡರೆ ಖುಷಿಪಡಬೇಡಿ, ಅನುಮಾನಪಡಿ.

ಕೊನೆಗೆ ಟೈರು. ಪಕ್ಕದಲ್ಲಿ ಭಾರದ ಟೈರಿನ ಗುರುತಾದ ಲೋಡ್ ರೇಂಜ್ ಇ ಅಂತ ಇರಬೇಕು. ಕಾರಿನ ಟೈರ್ ಹಾಕಿ ಮಾರುವವರೂ ಇದ್ದಾರೆ.

ಮಣ್ಣುಕೆಲಸ:
ನೋಡಿ ಬಂದೆ. ಸ್ಟಿಕ್ಕರಿನಲ್ಲಿ 1,412 ಕೆ.ಜಿ. ಗ್ಲೋವ್ ಬಾಕ್ಸಿನಲ್ಲಿ ಜಿಟಿ5, ಜಿ80 ಎರಡೂ ಇವೆ. ಅವರ್ಸ್ 5,300. ಟಿಕ್ ಟಿಕ್ ಇದೆ, ಬಲಗಡೆ. ಸುತ್ತಿಗೆ ತೆಗೆದಾಗ ಮಾರುವವರ ಮುಖ ನೋಡಬೇಕಿತ್ತು. ಚಾಸಿ ಎಲ್ಲಾ ಕಡೆ ಟಣ್ ಅಂದಿತು. ಆದರೆ ಹಿಂದಕ್ಕೆ ಹೋಗುವ ಬ್ರೇಕ್ ಪೈಪು ಟ್ಯಾಂಕಿನ ಹತ್ತಿರ ಉಬ್ಬಿದ ಹಾಗೆ ತುಕ್ಕು ಹಿಡಿದಿದೆ. ಟೈರು ಸರಿ ಇದೆ.

ತೂಕದ ಕಾಟಾ:
1,412 ಅಂದರೆ ನಾನು ಹೇಳಿದ್ದಕ್ಕಿಂತ 38 ಕಡಿಮೆ. ಉಳಿಯುವುದು 222. ಬಕೆಟ್ಟುಗಳನ್ನು ಪಿಕಪ್ಪಿಗೆ ಹಾಕಬೇಡಿ, ಟ್ರೇಲರ್ ಮೇಲೆ ಆಕ್ಸಲ್ಲಿನ ನೇರಕ್ಕೆ ಇಟ್ಟು ಬಿಗಿಯಿರಿ. ಆಗ ಗಾಡಿಯ ಮೇಲೆ ಭಾರ ಅಷ್ಟಾಗಿ ಏರುವುದಿಲ್ಲ. ಮೊದಲ ಸಲ ಎಲ್ಲ ಲೋಡ್ ಮಾಡಿದಾಗ ಒಂದು ಸಲ ವೇಬ್ರಿಡ್ಜಿಗೆ ಹೋಗಿ. ಟ್ರೇಲರ್ ಕಳಚದೆ, ಗಾಡಿಯ ಚಕ್ರ ಮಾತ್ರ ಮೇಲೆ ಬರುವಂತೆ ನಿಲ್ಲಿಸಿ ತೂಗಿಸಿ. ಟ್ರೇಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದು, ಡ್ಯಾಶ್‌ಬೋರ್ಡಿನಲ್ಲಿ ಕಂಟ್ರೋಲರ್ ಇದೆ ತಾನೇ?

ಮಣ್ಣುಕೆಲಸ:
ಇದೆ, ಕಂಪನಿಯದ್ದೇ.

ಡೀಸೆಲ್ ಭಕ್ತ:
ಸರಿ, ತಗೊಳ್ಳಿ. ಏರಿನಲ್ಲಿ ಭಾರ ಎಳೆಯೋಕೆ ಇರುವ ಟೋ ಮೋಡ್ ಒತ್ತಿ, 4,000 ಆರ್‌ಪಿಎಂ ಸದ್ದಿಗೆ ಹೆದರಬೇಡಿ. ಅದು ಅಲ್ಲೇ ಕೆಲಸ ಮಾಡುವ ಎಂಜಿನು. ಇದನ್ನು ನನ್ನ ಬಾಯಲ್ಲಿ ಹೇಳಿಸಿಬಿಟ್ಟಿರಿ.

ಸ್ಪ್ಯಾನರ್ ಸೆಟ್:
5,300 ಗಂಟೆ ಒಪ್ಪುವಂಥದ್ದು. ಬ್ರೇಕ್ ಪೈಪ್ ಉಬ್ಬಿದ್ದರೆ ಅದರಲ್ಲಿ ಟ್ರೇಲರ್ ಕಟ್ಟಿ ಒಂದು ಕಿಲೋಮೀಟರೂ ಓಡಿಸಬೇಡಿ. ಆ ತುಂಡು ಮಾತ್ರ ಕತ್ತರಿಸಿ ಜೋಡಿಸುತ್ತೇವೆ ಅಂದರೆ ಬೇಡ ಅನ್ನಿ, ಪೂರ್ತಿ ಪೈಪು ಬದಲಿಸಲಿ. ಮತ್ತೆ ಸ್ಟೀಲ್ ಹಾಕಿಸಬೇಡಿ, ನಿಕಲ್ ತಾಮ್ರ ಮಿಶ್ರಣದ ಪೈಪು ಹಾಕಿಸಿ. ಕೈಯಲ್ಲೇ ಬಗ್ಗುತ್ತದೆ, ತುಕ್ಕು ಹಿಡಿಯುವುದಿಲ್ಲ. ಟ್ಯಾಂಕ್ ಇಳಿಸಿದಾಗ ಅದರ ಮೇಲಿರುವ ಇಂಧನದ ಪೈಪುಗಳನ್ನೂ ನೋಡಿಬಿಡಲಿ, ಇನ್ನೊಂದು ಸಲ ಇಳಿಸುವ ಕೆಲಸ ತಪ್ಪುತ್ತದೆ. ಮ್ಯಾನಿಫೋಲ್ಡ್ ಬೋಲ್ಟಿಗೆ ಅವಸರ ಇಲ್ಲ.